ಕಾಲಿಗೆ ತಾಲೀಮು ಊರಲ್ಲಿ, ಉಸಿರಿಗೆ ಲೇಹ್‌ನಲ್ಲಿ

ದೆಹಲಿಯಲ್ಲಿ ವಿಮಾನ ಹತ್ತಿದವರು ಒಂದೂವರೆ ಗಂಟೆಯಲ್ಲಿ ಲೇಹ್‌ನಲ್ಲಿರುತ್ತಾರೆ. ಎತ್ತರ ಸುಮಾರು 3,500 ಮೀಟರ್; ಕರ್ನಾಟಕದಲ್ಲೇ ಅತಿ ಎತ್ತರದ ಮುಳ್ಳಯ್ಯನಗಿರಿ ಅದಕ್ಕಿಂತ ಒಂದೂವರೆ ಸಾವಿರ ಮೀಟರ್ ಕೆಳಗೆ. ಗೆಸ್ಟ್‌ಹೌಸಿನ ಮಂಚದಂಚಿಗೆ ಕೂತು, ಬಗ್ಗಿ ಶೂ ಲೇಸ್ ಕಟ್ಟಿ ಏಳುವಷ್ಟರಲ್ಲಿ ಏದುಸಿರು. ಮ್ಯಾರಥಾನ್ ಓಡಿದವರಿಗೂ ರಿಯಾಯಿತಿಯಿಲ್ಲ.

ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲೂ ಶೇ 21ರಷ್ಟೇ. ಕುಸಿದಿರುವುದು ವಾಯುವಿನ ಒತ್ತಡ. ಹಾಗಾಗಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಮೂರನೇ ಎರಡರಷ್ಟು. ದೇಹ ಉಸಿರಾಟದ ವೇಗ ಹೆಚ್ಚಿಸುತ್ತದೆ. ಅದರಿಂದ ರಕ್ತದಲ್ಲಿ ಏರುವ ಕ್ಷಾರಗುಣವನ್ನು ಮೂತ್ರಪಿಂಡಗಳು ಸರಿದೂಗಿಸುತ್ತವೆ. ಇಷ್ಟಾಗಲು ಕೆಲವು ದಿನ ಬೇಕು, ಹೊಸ ಕೆಂಪು ರಕ್ತಕಣಗಳಿಗಂತೂ ವಾರಗಳೇ ಬೇಕು.

ಈ ಪಾಠವನ್ನು ಕಷ್ಟಪಟ್ಟು ಕಲಿತದ್ದು ಭಾರತೀಯ ಸೇನೆ. 1962ರ ಚೀನಾ ಯುದ್ಧದ ಹೊತ್ತಿಗೆ ಬಯಲುಸೀಮೆಯ ಯೋಧರನ್ನು ತರಾತುರಿಯಲ್ಲಿ ಹಿಮಾಲಯಕ್ಕೆ ಸಾಗಿಸಲಾಯಿತು. ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು 1,925 ಸೈನಿಕರ ಕಾಯಿಲೆಯ ವಿವರವನ್ನು 1969ರಲ್ಲಿ ಪ್ರಕಟಿಸಿದರು. ತಲೆನೋವು, ವಾಂತಿ, ಶ್ವಾಸಕೋಶದಲ್ಲಿ ನೀರು: ನರಳಿದವರೆಲ್ಲ ಕಟ್ಟುಮಸ್ತು ಜವಾನರೇ. ಈಗ ಸೇನೆಯಲ್ಲಿ 12,000 ಅಡಿಯವರೆಗಿನ ಮೊದಲ ಹಂತಕ್ಕೇ ಆರು ದಿನ ಮೀಸಲು, ಅದರಲ್ಲಿ ಆರಂಭದ ಎರಡು ದಿನ ವಿಶ್ರಾಂತಿ. ನಾಲ್ಕು ದಿನದ ಪ್ಯಾಕೇಜಿನಲ್ಲಿ ಮರುದಿನವೇ 5,359 ಮೀಟರಿನ ಖಾರ್ದುಂಗ್ ಲಾ ತೋರಿಸುವವರು ಇದನ್ನೊಮ್ಮೆ ಓದಬೇಕು.

ಹಾಗಾದರೆ ಊರಿನಲ್ಲಿ ಮಾಡುವ ವ್ಯಾಯಾಮ ದಂಡವೇ? ಖಂಡಿತ ಅಲ್ಲ. ಎರಡು ಮೂರು ತಿಂಗಳು ಮೊದಲೇ ಬೆನ್ನಿಗೆ ಚೀಲ ಹೇರಿಕೊಂಡು ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿ ಇಳಿಯಬೇಕು, ಚೀಲದ ತೂಕವನ್ನು ಮೆಲ್ಲಗೆ ಏರಿಸುತ್ತ ಹೋಗಬೇಕು. ಇಳಿಯುವಾಗ ಲಿಫ್ಟ್ ಬೇಡ. ತೊಡೆಯ ಸ್ನಾಯುಗಳನ್ನು ಹಣ್ಣು ಮಾಡುವುದು ಇಳಿಜಾರೇ. ಕುಮಾರಪರ್ವತದ ಚಾರಣ ಒಳ್ಳೆಯ ಪರೀಕ್ಷೆ. ಆದರೆ ಇದು ಕಾಲು, ಹೃದಯಗಳ ಸಿದ್ಧತೆಯಷ್ಟೇ. ಬೆಟ್ಟದ ಕಾಯಿಲೆಗೆ ರಕ್ಷೆಯಲ್ಲ. ಗಟ್ಟಿಗರು ಬಿರಬಿರನೆ ಮೇಲೇರಿ ಅಪಾಯ ತಂದುಕೊಳ್ಳುವುದೂ ಉಂಟು.

3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಬಿಡುವು ಬೇಕು. ಡಯಮಾಕ್ಸ್ ಮಾತ್ರೆ ಒಗ್ಗಿಕೊಳ್ಳಲು ನೆರವಾಗುತ್ತದೆ, ಆದರೆ ವೈದ್ಯರನ್ನು ಕೇಳಿಯೇ ನುಂಗಿ. ತಲೆನೋವಿರುವ ಸಂಗಾತಿಯನ್ನು ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ನೇರ ಗೆರೆಯಲ್ಲಿ ನಡೆಸಿ ನೋಡಿ. ತೂರಾಡಿದರೆ ಮಿದುಳಿನಲ್ಲಿ ಬಾವು ಶುರುವಾಗಿರಬಹುದು. ಬೆಳಗಾಗಲಿ ಎಂದು ಕಾಯಬೇಡಿ, ಕೂಡಲೇ ಕೆಳಗಿಳಿಸಿ.