ವಿಮಾನದ ಎಂಜಿನ್‌ಗೆ ಹೊಸ ಮೀಟರ್: ಜೊತೆಗೋ, ಬದಲಿಗೋ?

ಒಂದು ಕೆ-ಟೈಪ್ ಥರ್ಮೋಕಪಲ್, ಒಂದು ಮ್ಯಾಕ್ಸ್6675 ಚಿಪ್, ಒಂದು ಆರ್ಡುಯಿನೊ. ಈ ಮೂರು ಇದ್ರೆ 0ಯಿಂದ 1024 ಡಿಗ್ರಿ ಸೆಲ್ಸಿಯಸ್‌ವರೆಗೆ ಉಷ್ಣತೆ ಅಳೆಯಬಹುದು. ನಮ್ಮಲ್ಲಿ ಎಷ್ಟೋ ಜನ ಮಿನಿ ಪ್ರಾಜೆಕ್ಟ್‌ಗೆ ಇಂಥದ್ದನ್ನೇ ಮಾಡ್ತೀವಿ. ಸಣ್ಣ ವಿಮಾನದಲ್ಲಿರೋ ಎಂಜಿನ್ ಮಾನಿಟರ್ ಕೂಡ ಮೂಲದಲ್ಲಿ ಇದೇ ಕೆಲಸ ಮಾಡೋದು. ಹಾಗಾದ್ರೆ ಅದನ್ನು ವಿಮಾನಕ್ಕೆ ಕೂರಿಸೋಕೆ ಅಷ್ಟೊಂದು ಒಪ್ಪಿಗೆ, ಕಾಗದಪತ್ರ ಯಾಕೆ? ಹೆಚ್ಚಿನದು ಒಂದು ಪ್ರಶ್ನೆಯ ಮೇಲೆ ನಿಂತಿದೆ: ಹೊಸ ಉಪಕರಣ ಹಳೆಯ ಮೀಟರ್ ಜೊತೆಗೆ ಇರತ್ತಾ, ಇಲ್ಲಾ ಅದರ ಬದಲಿಗೆ ಬರತ್ತಾ?

ಏನನ್ನು ಅಳೀತೀವಿ?

ಅಮೆರಿಕದ ಸೆಸ್ನಾ 172 ವಿಮಾನವನ್ನೇ ತಗೊಳ್ಳೋಣ. ಇದರ ಹಲವು ಮಾಡೆಲ್‌ಗಳಲ್ಲಿ ಲೈಕಮಿಂಗ್ ಓ-320 ಎಂಜಿನ್ ಇದೆ. ನಾಲ್ಕು ಸಿಲಿಂಡರ್, ಪ್ರತಿಯೊಂದಕ್ಕೂ ಎರಡು ಸ್ಪಾರ್ಕ್ ಪ್ಲಗ್, ತಣ್ಣಗಾಗೋದು ಗಾಳಿಯಿಂದ. ಇರೋದು ಒಂದೇ ಎಂಜಿನ್. ಅದು ನಿಂತ್ರೆ ತೇಲಿಕೊಂಡು ಇಳಿಯೋಕೆ ಜಾಗ ಹುಡುಕಬೇಕು, ಅಷ್ಟೇ.

ಹಗಲಲ್ಲಿ, ಕಣ್ಣಿಗೆ ನೆಲ ಕಾಣೋ ಹವಾಮಾನದಲ್ಲಿ ಹಾರೋಕೆ ಅಮೆರಿಕದ 91.205 ನಿಯಮ ಇಂಥ ಎಂಜಿನ್‌ಗೆ ಕಡ್ಡಾಯ ಮಾಡೋದು ಕೆಲವೇ ಮೀಟರ್: ಆರ್‌ಪಿಎಂ, ಆಯಿಲ್ ಪ್ರೆಶರ್, ಆಯಿಲ್ ಟೆಂಪರೇಚರ್, ಜೊತೆಗೆ ಪ್ರತಿ ಟ್ಯಾಂಕ್‌ನ ಇಂಧನದ ಮಟ್ಟ. ಒಂದೊಂದು ಸಿಲಿಂಡರ್ ಎಷ್ಟು ಬಿಸಿಯಾಗಿದೆ ಅನ್ನೋದು ಈ ಪಟ್ಟಿಯಲ್ಲಿ ಇಲ್ಲ.

ಎಂಜಿನ್ ಮಾನಿಟರ್ ತೋರಿಸೋದು ಅದನ್ನೇ. ಪ್ರತಿ ಸಿಲಿಂಡರ್‌ಗೂ ಎರಡು ಸೆನ್ಸರ್: ಒಂದು ಸಿಲಿಂಡರ್ ಹೆಡ್‌ನ ಉಷ್ಣತೆಗೆ, ಅಂದ್ರೆ ಸಿಎಚ್‌ಟಿ; ಇನ್ನೊಂದು ಹೊರಹೋಗೋ ಹೊಗೆಯ ಉಷ್ಣತೆಗೆ, ಅಂದ್ರೆ ಇಜಿಟಿ. ಇವೆರಡನ್ನೂ ಜೋಡಿಸಿ ಓದಿದ್ರೆ ಎಂಜಿನ್ ಒಳಗೆ ಏನಾಗ್ತಿದೆ ಅಂತ ಗೊತ್ತಾಗತ್ತೆ. ಒಂದು ಸಿಲಿಂಡರ್‌ನ ಇಜಿಟಿ ಮಾತ್ರ ಏರಿದ್ರೆ ಎರಡರಲ್ಲಿ ಒಂದು ಪ್ಲಗ್ ಉರಿಸ್ತಾ ಇಲ್ಲದೇ ಇರಬಹುದು: ದಹನ ನಿಧಾನ ಆಗತ್ತೆ, ಎಕ್ಸಾಸ್ಟ್ ವಾಲ್ವ್ ತೆರೆಯೋ ಹೊತ್ತಿಗೂ ಗ್ಯಾಸ್ ಬಿಸಿಯಾಗೇ ಇರತ್ತೆ. ಅದೇ ಸಿಎಚ್‌ಟಿ ಸರ್ರನೆ ಏರಿ ಇಜಿಟಿ ಇಳಿದ್ರೆ ವಿಷಯ ಗಂಭೀರ. ಅದು ಡಿಟೋನೇಶನ್ ಲಕ್ಷಣ, ಪೈಲಟ್ ತಕ್ಷಣ ಪವರ್ ಕಡಿಮೆ ಮಾಡಬೇಕು. ಆಯಿಲ್ ಟೆಂಪರೇಚರ್ ಮೀಟರ್‌ನಲ್ಲಿ ಇದು ಗೊತ್ತಾಗೋ ಹೊತ್ತಿಗೆ ತಡ ಆಗಿರತ್ತೆ.

ಜೊತೆಗೆ ಇದ್ರೆ

ಹಳೆಯ ಮೀಟರ್ ಎಲ್ಲಾ ಹಾಗೇ ಬಿಟ್ಟು ಪಕ್ಕದಲ್ಲಿ ಮಾನಿಟರ್ ಹಾಕಿದ್ರೆ ಅದಕ್ಕೆ ಅಡ್ವೈಸರಿ ಅಂತಾರೆ. ಅದು ಸಲಹೆ ಕೊಡೋದು ಮಾತ್ರ. ಎರಡೂ ಬೇರೆ ಬೇರೆ ಸಂಖ್ಯೆ ತೋರಿಸಿದ್ರೆ ಲೆಕ್ಕಕ್ಕೆ ಬರೋದು ಹಳೆಯ ಮೀಟರ್. ಜೆಪಿಐ ಕಂಪನಿಯ ಇಡಿಎಂ-830 ಈ ಥರದ್ದು. ಇಲ್ಲಿ ಸಾಬೀತು ಮಾಡಬೇಕಾಗಿರೋದು ಮುಖ್ಯವಾಗಿ ಅದು ಕೆಟ್ಟರೂ ಬೇರೆ ಯಾವುದನ್ನೂ ಕೆಡಿಸಲ್ಲ ಅಂತ. ವೈರ್ ಶಾರ್ಟ್ ಆಗಬಾರದು, ಇಂಧನದ ಪೈಪ್ ಮಧ್ಯೆ ಕೂರೋ ಫ್ಯೂಯಲ್ ಫ್ಲೋ ಸೆನ್ಸರ್ ಸೋರಬಾರದು.

ಬದಲಿಗೆ ಬಂದ್ರೆ

ಹಳೆಯ ಮೀಟರ್ ಕಿತ್ತು ಎಲ್ಲವನ್ನೂ ಒಂದೇ ಸ್ಕ್ರೀನ್‌ಗೆ ತಂದ್ರೆ ಅದು ಪ್ರೈಮರಿ. ಜೆಪಿಐ ಇಡಿಎಂ-900, ಎಲೆಕ್ಟ್ರಾನಿಕ್ಸ್ ಇಂಟರ್‌ನ್ಯಾಷನಲ್‌ನ ಸಿಜಿಆರ್-30ಪಿ ಇದಕ್ಕೇ ಇರೋದು. ನೋಡೋಕೆ ಚೆಂದ, ತೂಕವೂ ಕಡಿಮೆ ಆಗಬಹುದು. ಆದ್ರೆ ಇಲ್ಲೊಂದು ಎಂಜಿನಿಯರಿಂಗ್ ತೊಡಕಿದೆ. ಹಳೆಯ ಮೀಟರ್‌ಗಳು ಒಂದಕ್ಕೊಂದು ಸಂಬಂಧ ಇಲ್ಲದವು. ಆರ್‌ಪಿಎಂ ಮೀಟರ್ ಕೈಕೊಟ್ಟರೂ ಆಯಿಲ್ ಪ್ರೆಶರ್ ಕಾಣ್ತಾನೇ ಇರತ್ತೆ. ಒಂದೇ ಸ್ಕ್ರೀನ್ ಆದ್ರೆ ಒಂದು ಪವರ್ ಸಪ್ಲೈ ಹೋದ್ರೆ ಎಲ್ಲವೂ ಒಟ್ಟಿಗೆ ಕತ್ತಲು. ಹಾಗಾಗಿ ಇದಕ್ಕೆ ಪರೀಕ್ಷೆ ಜಾಸ್ತಿ. ಹಸಿರು ಪಟ್ಟಿ, ಕೆಂಪು ಗೆರೆ ಕೂಡ ನಮಗೆ ಬೇಕಾದ ಹಾಗೆ ಇಡೋ ಹಾಗಿಲ್ಲ, ಆ ಮಾಡೆಲ್‌ಗೆ ಮಂಜೂರಾದ ಮಿತಿಗೇ ಹೊಂದಬೇಕು.

ಎರಡು ಅಕ್ಷರಮಾಲೆ, ಎರಡು ಅರ್ಥ

ಟಿಎಸ್‌ಓ, ಎಸ್‌ಟಿಸಿ ಎರಡನ್ನೂ ಒಂದೇ ಅಂದುಕೊಳ್ಳೋದು ಸಾಮಾನ್ಯ. ಟಿಎಸ್‌ಓ ಹೇಳೋದು ಉಪಕರಣದ ಬಗ್ಗೆ: ಈ ಡಬ್ಬಿಯ ವಿನ್ಯಾಸ, ತಯಾರಿಕೆ ಇಂಥ ಮಾನದಂಡಕ್ಕೆ ಸರಿಯಾಗಿದೆ. ಅದನ್ನು ಯಾವ ವಿಮಾನಕ್ಕೆ ಹಾಕಬಹುದು ಅಂತ ಅದು ಹೇಳಲ್ಲ. ಅದನ್ನು ಹೇಳೋದು ಎಸ್‌ಟಿಸಿ, ಅಂದ್ರೆ ವಿಮಾನದ ಮೂಲ ವಿನ್ಯಾಸದಲ್ಲಿ ಮಾಡೋ ಬದಲಾವಣೆಗೆ ಸಿಗೋ ಒಪ್ಪಿಗೆ. ಅದರ ಮಾಡೆಲ್ ಪಟ್ಟಿಯಲ್ಲಿ ನಿಮ್ಮ ವಿಮಾನ ಇದ್ಯಾ ಅಂತ ನೋಡಬೇಕು. ಆಮೇಲೆ ಕೂರಿಸಿದ್ದಕ್ಕೆ ಅಮೆರಿಕದಲ್ಲಿ ಸಾಮಾನ್ಯವಾಗಿ ಫಾರ್ಮ್ 337 ತುಂಬಬೇಕು, ಅಧಿಕಾರ ಇರೋ ಮೆಕ್ಯಾನಿಕ್ ಸಹಿ ಹಾಕಬೇಕು, ತೂಕದ ಲೆಕ್ಕ ತಿದ್ದಬೇಕು.

ಕಡ್ಡಾಯ ಅಲ್ಲದ, ಆದ್ರೆ ಸುರಕ್ಷತೆ ಹೆಚ್ಚಿಸೋ ಉಪಕರಣಗಳಿಗೆ ದಾರಿ ಸುಲಭ ಮಾಡೋಕೆ ಎಫ್‌ಎಎ 2016ರಲ್ಲಿ ನಾರ್ಸೀ ಅನ್ನೋ ನೀತಿ ತಂತು. ಅಲ್ಲೂ ಗೆರೆ ಅದೇ: ಕಡ್ಡಾಯ ಮೀಟರ್‌ನ ಜಾಗಕ್ಕೆ ಅದು ಬರೋ ಹಾಗಿಲ್ಲ. ಸ್ವಂತ ಕೈಯಲ್ಲಿ ಕಟ್ಟೋ ಎಕ್ಸ್‌ಪೆರಿಮೆಂಟಲ್ ವಿಮಾನಗಳಲ್ಲಿ ಮಾತ್ರ ಆಯ್ಕೆಯ ಸ್ವಾತಂತ್ರ್ಯ ಜಾಸ್ತಿ, ಅಲ್ಲಿ ಟಿಎಸ್‌ಓ ಇಲ್ಲದ ಮಾನಿಟರ್ ಕೂಡ ಹಾಕ್ತಾರೆ.

ನಮ್ಮ ದೇಶದಲ್ಲಿ ಈ ಒಪ್ಪಿಗೆ ಡಿಜಿಸಿಎ ಕೈಲಿದೆ, ಅದರ ಸಿಎಆರ್-21ರಲ್ಲೂ ಎಸ್‌ಟಿಸಿ ಇದೆ. ಎಂಜಿನ್ ಬದಲಾದ್ರೆ ಏನು ಅಳೀಬೇಕು ಅನ್ನೋದೂ ಬದಲಾಗತ್ತೆ. ಬೆಂಗಳೂರಿನ ಎನ್‌ಎಎಲ್ ವಿನ್ಯಾಸ ಮಾಡಿದ ಹಂಸ-3ರಲ್ಲಿರೋದು ರೋಟ್ಯಾಕ್ಸ್ 914. ಅದರ ಸಿಲಿಂಡರ್ ಹೆಡ್ ತಣ್ಣಗಾಗೋದು ದ್ರವದಿಂದ, ಜೊತೆಗೆ ಟರ್ಬೋ ಬೇರೆ. ಸೆಸ್ನಾದ ಸಂಖ್ಯೆಗಳು ಅಲ್ಲಿಗೆ ಹೊಂದಲ್ಲ.

ಆರಿಸೋ ಕ್ರಮ

ಹಾಗಾಗಿ ಸ್ಕ್ರೀನ್ ಎಷ್ಟು ದೊಡ್ಡದು ಅಂತ ಕೇಳೋದು ಕೊನೆಗೆ. ಮೊದಲು ಈ ಮಾಡೆಲ್‌ಗೆ ಯಾವ ಮೀಟರ್ ಕಡ್ಡಾಯ ಅಂತ ನೋಡಬೇಕು. ಆಮೇಲೆ ಜೊತೆಗೋ ಬದಲಿಗೋ ಅಂತ ತೀರ್ಮಾನ. ಮೂರನೇದು ಎಸ್‌ಟಿಸಿ ಪಟ್ಟಿ. ನಾಲ್ಕನೇದು ಪ್ರತಿ ಸಿಲಿಂಡರ್‌ಗೂ ಸೆನ್ಸರ್ ಇದ್ಯಾ, ಡೇಟಾ ಉಳಿಸತ್ತಾ, ಅಲಾರಂ ಎಲ್ಲಿ ಇಡಬಹುದು. ಲೈಕಮಿಂಗ್‌ನ ಸಿಎಚ್‌ಟಿ ಕೆಂಪು ಗೆರೆ 500 ಡಿಗ್ರಿ ಫ್ಯಾರನ್‌ಹೀಟ್. ಆದ್ರೆ ಎಂಜಿನ್ ಹೆಚ್ಚು ಬಾಳಿಕೆ ಬರಬೇಕಂದ್ರೆ ಜೋರಾಗಿ ಹಾರುವಾಗಲೂ 435ರ ಕೆಳಗೆ ಇಡಿ ಅಂತ ಅದೇ ಕಂಪನಿ ಹೇಳತ್ತೆ. ಅಲಾರಂ 500ಕ್ಕೆ ಹೊಡೆದ್ರೆ ಪೈಲಟ್‌ಗೆ ಏನೂ ಮಾಡೋಕೆ ಟೈಮ್ ಉಳಿಯಲ್ಲ.

ಲ್ಯಾಬ್‌ನಲ್ಲಿ ನಮಗೆ ಮಾರ್ಕ್ಸ್ ಸಿಗೋದು ಸರ್ಕ್ಯೂಟ್ ಸರಿಯಾಗಿ ಓದಿದಾಗ. ವಿಮಾನದಲ್ಲಿ ಒಪ್ಪಿಗೆ ಕೊಡೋರು ಅದು ತಪ್ಪಾಗಿ ಓದಿದ ದಿನ ಏನಾಗತ್ತೆ ಅಂತಾನೂ ಕೇಳ್ತಾರೆ. ನಮ್ಮ ಪ್ರಾಜೆಕ್ಟ್ ರಿಪೋರ್ಟ್‌ನಲ್ಲೂ ಆ ಪ್ರಶ್ನೆಗೆ ಒಂದು ಪುಟ ಇಟ್ಟರೆ ಚೆನ್ನಾಗಿರತ್ತೆ.