ಚಟ ಬಿಡಿಸುವ ಫೋನ್ ಕರೆ

'ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲ ಬೀಡಿ ಹಚ್ಚುತ್ತೀರಿ?'

ತಂಬಾಕು ಬಿಡಬೇಕೆಂದು ಬಂದವರನ್ನು ಆಪ್ತಸಮಾಲೋಚಕರು ಮೊದಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಕೇಳಲು ಸಾದಾ ಪ್ರಶ್ನೆ, ಆದರೆ ಉತ್ತರ ಬಹಳ ಹೇಳುತ್ತದೆ. ಕಣ್ಣು ಬಿಟ್ಟ ಐದು ನಿಮಿಷದೊಳಗೆ ಕಡ್ಡಿ ಗೀರುವವರ ದೇಹ ನಿಕೋಟಿನ್‌ಗೆ ಗಟ್ಟಿಯಾಗಿ ಅಂಟಿಕೊಂಡಿದೆ ಎಂದರ್ಥ. ಅಂಥವರಿಗೆ ಬರೀ 'ಮನಸ್ಸು ಗಟ್ಟಿ ಮಾಡಿಕೊಳ್ಳಿ' ಎಂದರೆ ಸಾಲದು.

ಕೇಂದ್ರ ಆರೋಗ್ಯ ಸಚಿವಾಲಯದ ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ ಇಂಥ ಮಾತುಕತೆಯನ್ನು ಫೋನಿನಲ್ಲೇ, ಉಚಿತವಾಗಿ ನಡೆಸುತ್ತದೆ. 2016ರಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಶುರುವಾದ ಈ ಸೇವೆಗೆ 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸೇರಿಕೊಂಡಿತು. ಅಲ್ಲಿಂದೀಚೆಗೆ ಕನ್ನಡದಲ್ಲೇ ಮಾತಾಡಿ ಚಟ ಬಿಡುವ ದಾರಿ ತೆರೆದಿದೆ. ನಮಗೆ ಇದು ತೀರಾ ಬೇಕಿತ್ತು. 2016–17ರ ರಾಷ್ಟ್ರವ್ಯಾಪಿ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 22.8ರಷ್ಟು ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಅಂಗಡಿಗಳಲ್ಲಿ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿಯಾಗಿ ಮಾರಾಟ ಮುಂದುವರಿಯಿತು. ಕಾನೂನು ಅಂಗಡಿಯನ್ನು ಮುಚ್ಚಿಸಬಹುದು, ಬಾಯಿಯ ಚಪಲವನ್ನಲ್ಲ.

ಒಳ್ಳೆಯ ಸಮಾಲೋಚಕರು ಉಪದೇಶ ಮಾಡುವುದಿಲ್ಲ. ಕ್ಯಾನ್ಸರ್ ಬರುತ್ತದೆಂದು ತಿನ್ನುವವರಿಗೂ ಗೊತ್ತು, ಪೊಟ್ಟಣದ ಮೇಲೇ ಚಿತ್ರವಿದೆ. 'ಯಾಕೆ ಬಿಡಬೇಕು ಅನಿಸಿತು? ಹಿಂದೆ ಬಿಟ್ಟಾಗ ಎಷ್ಟು ದಿನ ತಡೆದಿರಿ? ಮತ್ತೆ ಶುರುವಾದದ್ದು ಹೇಗೆ?' ಎಂದು ಕೇಳುತ್ತ ಕಾರಣಗಳನ್ನು ಅವರ ಬಾಯಿಂದಲೇ ಹೊರಡಿಸುತ್ತಾರೆ. ಕುಡಿತದ ಚಟವಿದ್ದವರ ಜೊತೆ ಕೆಲಸ ಮಾಡುತ್ತಿದ್ದ ಅಮೆರಿಕದ ಮನಃಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಈ ಕ್ರಮವನ್ನು ಮೊದಲ ಬಾರಿಗೆ ಬರೆದಿಟ್ಟರು. ವಾದಕ್ಕಿಳಿದಷ್ಟೂ ಎದುರಿನವರು ತಮ್ಮ ಚಟದ ಪರವೇ ನಿಲ್ಲುತ್ತಾರೆ ಎಂಬುದು ಅದರ ತಿರುಳು. ಗಂಡನಿಗೋ ಮಗನಿಗೋ ಬೈದು ಬೈದು ಸೋತ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಬಿಡುವ ದಿನವೊಂದನ್ನು ಗೊತ್ತು ಮಾಡುತ್ತಾರೆ. ಆ ದಿನಕ್ಕೆ ಮುಂಚೆ ಜೇಬು, ಗಾಡಿಯ ಡಿಕ್ಕಿ, ಆಫೀಸಿನ ಡ್ರಾಯರು ಎಲ್ಲ ಖಾಲಿಯಾಗಬೇಕು. ಚಹಾದ ಜೊತೆ ಸಿಗರೇಟು ಅಭ್ಯಾಸವಾದವರು ಕೆಲದಿನ ಆ ಚಹಾದಂಗಡಿಗೇ ಹೋಗದಿರುವುದು ಲೇಸು. ಮೊದಲ ಎರಡು ಮೂರು ದಿನ ಸಿಡಿಮಿಡಿ, ತಲೆನೋವು, ನಿದ್ದೆಗೇಡು ಎಲ್ಲವೂ ಜೋರು. ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಬೇಕೇಬೇಕು ಎನ್ನಿಸುವ ಒಂದೊಂದು ಸೆಳೆತವೂ ಕೆಲವೇ ನಿಮಿಷದ್ದು. ಅಷ್ಟು ಹೊತ್ತು ಮುಂದೂಡಿ, ದೀರ್ಘವಾಗಿ ಉಸಿರಾಡಿ, ನೀರು ಕುಡಿಯಿರಿ, ಬೇರೆ ಕೆಲಸಕ್ಕೆ ಕೈಹಾಕಿ ಎನ್ನುತ್ತಾರೆ. ಚಟ ಗಟ್ಟಿಯಿದ್ದವರಿಗೆ ವೈದ್ಯರ ಸಲಹೆಯಂತೆ ನಿಕೋಟಿನ್ ಗಮ್ ಕೂಡ ಉಂಟು. ಅದನ್ನು ಒಂದೇ ಸಮನೆ ಅಗಿಯಬಾರದು. ಸ್ವಲ್ಪ ಅಗಿದು, ಕಾರ ಹತ್ತಿದಂತಾದಾಗ ದವಡೆ ಪಕ್ಕಕ್ಕೆ ಇಟ್ಟುಕೊಳ್ಳಬೇಕು.

ಗುಟ್ಕಾ ಬಿಟ್ಟು 'ಬರೀ ಅಡಿಕೆ' ಹಾಕುವವರಿಗೆ ಒಂದು ಎಚ್ಚರಿಕೆ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ವರ್ಗೀಕರಿಸಿದೆ. ಅಡಿಕೆ ಬೆಳೆದೇ ಬದುಕುವ ನಾಡಿಗೆ ಇದು ಕಹಿ ಮಾತು, ಆದರೂ ಹೇಳಲೇಬೇಕು. ಬಾಯಿಗೆ ಏನಾದರೂ ಬೇಕೆನಿಸಿದರೆ ಏಲಕ್ಕಿ, ಲವಂಗ, ಸೋಂಪು ಇವೆ.

ಈ ಸೇವೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದೆನಿಸುವುದು ಅವರೇ ತಿರುಗಿ ಮಾಡುವ ಕರೆ. ಬಿಟ್ಟ ಮೇಲೂ ಫೋನ್ ಮಾಡಿ ಹೇಗಿದ್ದೀರಿ ಎಂದು ವಿಚಾರಿಸುತ್ತಾರೆ. ಮದುವೆಮನೆಯಲ್ಲಿ ಜಾರಿದವರನ್ನೂ ಹಂಗಿಸುವುದಿಲ್ಲ, ಮತ್ತೆ ದಿನ ಗೊತ್ತು ಮಾಡುತ್ತಾರೆ. ಹಲವರಿಗೆ ಒಂದೇ ಸಲಕ್ಕೆ ಬಿಡಲಾಗುವುದಿಲ್ಲ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಸಂಖ್ಯೆ 1800-11-2356. ನಿಮ್ಮ ಮನೆಯಲ್ಲಿ ಬಿಡಲು ಹೆಣಗುತ್ತಿರುವವರಿದ್ದರೆ ಇದನ್ನು ಬರೆದುಕೊಡಿ; ಕರೆಯನ್ನು ಮಾತ್ರ ಅವರೇ ಮಾಡಲಿ.