ಗುದಭ್ರಂಶ: ಜಾರಿದ ಕರುಳಿಗೆ ಆಧಾರ

ಅಂಗಿಯ ತೋಳಿನೊಳಗೆ ಕೈಹಾಕಿ, ಒಳಭಾಗವನ್ನು ಹಿಡಿದು ಹೊರಕ್ಕೆಳೆಯಿರಿ. ತೋಳು ಮಗುಚಿಕೊಂಡು ಹೊರಬರುತ್ತದೆ. ದೊಡ್ಡ ಕರುಳಿನ ಕೊನೆಯ ಭಾಗವಾದ ಗುದನಾಳವೂ ಹೀಗೆಯೇ ಮಗುಚಿ ಗುದದ್ವಾರದಿಂದ ಹೊರಗಿಳಿಯಬಹುದು. ಇದೇ ಗುದಭ್ರಂಶ. 1968ರಲ್ಲಿ ಬ್ರೋಡೆನ್ ಮತ್ತು ಸ್ನೆಲ್‌ಮನ್ ಕ್ಷ-ಕಿರಣ ಚಲನಚಿತ್ರಗಳ ಮೂಲಕ ಈ ಮಗುಚುವಿಕೆಯನ್ನು ತೋರಿಸಿದರು.

ಕೆಮ್ಮಿದಾಗ, ಮುಕ್ಕಿರಿದಾಗ ಹೊಟ್ಟೆಯೊಳಗಿನ ಒತ್ತಡ ಏರುತ್ತದೆ. ಶ್ರೋಣಿಯ ತಳದ ಸ್ನಾಯುಗಳೂ, ಗುದನಾಳವನ್ನು ಬೆನ್ನೆಲುಬಿನ ಬುಡದ ತ್ರಿಕಾಸ್ಥಿಗೆ ಹಿಡಿದಿಡುವ ಅಂಗಾಂಶಗಳೂ ಅದನ್ನು ತಡೆದುಕೊಳ್ಳುತ್ತವೆ. ಇವು ಸಡಿಲವಾದರೆ ನಾಳ ಜಾರುತ್ತದೆ. 50 ವರ್ಷ ದಾಟಿದ ಮಹಿಳೆಯರಲ್ಲಿ ಈ ತೊಂದರೆ ಹೆಚ್ಚು.

ಅನೇಕರು ಇದನ್ನು ಮೂಲವ್ಯಾಧಿ ಎಂದೇ ತಿಳಿಯುತ್ತಾರೆ. ಹೊರಬಂದ ಭಾಗದಲ್ಲಿ ಒಂದರೊಳಗೊಂದು ಬಳೆಗಳಂತಹ ಮಡಿಕೆಗಳಿದ್ದರೆ ಅದು ಗುದಭ್ರಂಶ. ಮೂಲವ್ಯಾಧಿಯಲ್ಲಿ ಸೀಳುಗಳು ಚಕ್ರದ ಅರೆಕಾಲುಗಳಂತೆ ನಡುವಿನಿಂದ ಹೊರಮುಖವಾಗಿರುತ್ತವೆ.

ವಯಸ್ಕರಲ್ಲಿ ಪೂರ್ಣ ಗುದಭ್ರಂಶ ಔಷಧದಿಂದ ವಾಸಿಯಾಗದು. 1891ರಲ್ಲಿ ಜರ್ಮನಿಯ ಥೀರ್ಶ್ ಗುದದ್ವಾರದ ಸುತ್ತ ಬೆಳ್ಳಿ ತಂತಿ ಹಾಕಿದರು. ಬಾಗಿಲು ಕಿರಿದಾಯಿತೇ ಹೊರತು ಒಳಗಿನ ಆಧಾರ ಸರಿಹೋಗಲಿಲ್ಲ. ತಂತಿ ತುಂಡಾಗುವುದು, ಮಲ ಕಟ್ಟಿಕೊಳ್ಳುವುದು ಇದರ ತೊಡಕುಗಳು.

ಇಂದು ಎರಡು ಮಾರ್ಗಗಳಿವೆ. ಮೊದಲನೆಯದು ಹೊಟ್ಟೆಯ ಮೂಲಕ. ಗುದನಾಳವನ್ನು ಮೇಲಕ್ಕೆಳೆದು ತ್ರಿಕಾಸ್ಥಿಗೆ ಹೊಲಿಗೆ ಅಥವಾ ಜಾಲರಿಯಿಂದ ಬಿಗಿಯುತ್ತಾರೆ. ಇದನ್ನು ಲ್ಯಾಪರೋಸ್ಕೋಪಿನಿಂದಲೂ ಮಾಡಬಹುದು. ನಾಳವನ್ನು ಸುತ್ತಲೂ ಬಿಡಿಸಿದರೆ ನರಗಳಿಗೆ ಪೆಟ್ಟಾಗಿ ಮಲಬದ್ಧತೆ ಹೆಚ್ಚಬಹುದು. ಆದ್ದರಿಂದ ಬೆಲ್ಜಿಯಂನ ಡಿ'ಹೋರ್ ಮುಂಭಾಗವನ್ನಷ್ಟೇ ಬಿಡಿಸಿ ಜಾಲರಿ ಹಾಕುವ ವಿಧಾನವನ್ನು 2004ರಲ್ಲಿ ಪ್ರಕಟಿಸಿದರು.

ಎರಡನೆಯದು ಕೆಳಗಿನಿಂದ. ಡೆಲೋರ್ಮ್ ವಿಧಾನದಲ್ಲಿ (1900) ಒಳಪದರವನ್ನು ಸುಲಿದು, ಸ್ನಾಯುಪದರವನ್ನು ಪರದೆಯಂತೆ ನೆರಿಗೆ ಹಿಡಿದು ಹೊಲಿಯುತ್ತಾರೆ. ಆಲ್ಟ್‌ಮಯರ್ ವಿಧಾನದಲ್ಲಿ ಜಾರಿದ ಕರುಳನ್ನೇ ಕತ್ತರಿಸಿ ತುದಿಗಳನ್ನು ಜೋಡಿಸುತ್ತಾರೆ. ಹೊಟ್ಟೆ ತೆರೆಯಬೇಕಿಲ್ಲ, ಬೆನ್ನಿಗೆ ಅರಿವಳಿಕೆ ಕೊಟ್ಟೂ ಮಾಡಬಹುದು. ನಿತ್ರಾಣರಾದ ವೃದ್ಧರಿಗೆ ಇದು ಅನುಕೂಲ.

ಯಾವುದು ಮೇಲು? ಬ್ರಿಟನ್ ನೇತೃತ್ವದ 'ಪ್ರಾಸ್ಪರ್' ಅಧ್ಯಯನ (2013) 293 ರೋಗಿಗಳಲ್ಲಿ ಈ ವಿಧಾನಗಳನ್ನು ಹೋಲಿಸಿತು. ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮರುಕಳಿಸುವಿಕೆ ನಿರೀಕ್ಷೆಗಿಂತ ಹೆಚ್ಚಿತ್ತು; ಆದರೂ ರೋಗಿಗಳ ಬದುಕು ಬಹಳ ಸುಧಾರಿಸಿತು. ಹೀಗಾಗಿ ರೋಗಿಯ ವಯಸ್ಸು, ಆರೋಗ್ಯ, ಮಲಬದ್ಧತೆಗಳನ್ನು ನೋಡಿಯೇ ವೈದ್ಯರು ಆಯ್ಕೆ ಮಾಡುತ್ತಾರೆ.

ಭೌತಶಾಸ್ತ್ರದ ಪಾಠವೊಂದನ್ನು ಇಲ್ಲಿ ನೆನೆಯಬಹುದು. ಸ್ಪ್ರಿಂಗನ್ನು ಅದರ ಸ್ಥಿತಿಸ್ಥಾಪಕ ಮಿತಿ ಮೀರಿ ಎಳೆದರೆ ಅದು ಮೊದಲಿನಂತಾಗದು. ಪದೇಪದೇ ಜಾರುವ ನಾಳವೂ ಗುದದ್ವಾರದ ಬಿಗಿ ಸ್ನಾಯುವನ್ನು ಹಿಗ್ಗಿಸುತ್ತಲೇ ಇರುತ್ತದೆ. ತೀರಾ ತಡವಾದರೆ, ನಾಳ ಒಳಗೆ ನಿಂತರೂ ಮಲದ ಹಿಡಿತ ಪೂರ್ತಿ ಮರಳದಿರಬಹುದು. ಹೊರಬಂದ ಕರುಳು ಒಳಸರಿಯದಿದ್ದರೆ, ಕಪ್ಪಾದರೆ, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಶಿಕ್ಷಕರೇ, ಜೀರ್ಣಾಂಗಗಳ ಪಾಠದಲ್ಲಿ ಗುದನಾಳದ ಹೆಸರನ್ನೂ ಸಂಕೋಚವಿಲ್ಲದೆ ಹೇಳಿ. ಅಂಗದ ಹೆಸರು ಹೇಳಲು ಕಲಿತವರು ತೊಂದರೆಯನ್ನೂ ವೈದ್ಯರಿಗೆ ಹೇಳಬಲ್ಲರು.